ಗಾಜಿಗೆ ಪೊರೆ

ಕನ್ನಡ ಎಂ.ಎ. ಮಾಡಿದವನು ಕಾರು ಕೊಳ್ಳಬಾರದೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ. ಹೇಳಿದ್ದರೆ ಆ ಒಂದು ಶಾಸ್ತ್ರವನ್ನಾದರೂ ನಾನು ಶ್ರದ್ಧೆಯಿಂದ ಪಾಲಿಸುತ್ತಿದ್ದೆ. ಸಾಲ ಮಾಡಿ ತಂದ ವಾಹನದ ಜೊತೆಗೆ ಮಾರಿದವರು ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನೂ ಕೊಟ್ಟಿದ್ದರು. ಚಂಪೂಕಾವ್ಯಗಳನ್ನು ಅಡಿಟಿಪ್ಪಣಿ ಸಮೇತ ಅರಗಿಸಿಕೊಂಡ ನಾನು ಆ ಗ್ರಂಥದ ಪೀಠಿಕೆಯನ್ನು ದಾಟಲಿಲ್ಲ. ಸ್ಟೀರಿಂಗಿನ ಎಡಗಡೆ ಸಾಲಾಗಿ ಕುಳಿತಿರುವ ಗುಂಡಿಗಳಲ್ಲಿ ನನಗೆ ಬೇಕಾದದ್ದು ರೇಡಿಯೋದ ಗುಂಡಿ ಒಂದೇ. ಉಳಿದವುಗಳ ಮೇಲೆ ಏನೇನೋ ಚಿತ್ರಗಳು. ಒಂದರಲ್ಲಿ ಬೀಸಣಿಗೆಯ ಆಕಾರದ ಗೆರೆ, ಅದರೊಳಗೆ ತಲೆಯೆತ್ತಿದ ಮೂರು ಹಾವುಗಳು. ಇನ್ನೊಂದರಲ್ಲಿ ಕಾರಿನ ಹೊಟ್ಟೆಯೊಳಗೆ ಸುರುಳಿ ಸುತ್ತಿದ ಬಾಣ. ಇಂತಹ ಲಿಪಿಯನ್ನು ಓದುವುದು ಶಾಸನತಜ್ಞರ ಕೆಲಸವೆಂದು ನಾನು ಕೈಬಿಟ್ಟಿದ್ದೆ.

ಓದಲೇಬೇಕಾದ ಸಂದರ್ಭ ಬಂದದ್ದು 2024ರ ಆಷಾಢದಲ್ಲಿ, ಆಗುಂಬೆಯ ಘಾಟಿಯಲ್ಲಿ.

ಅಪ್ಪಯ್ಯನ ಕಣ್ಣಿಗೆ ಪೊರೆ ಬಂದು ಆಗಲೇ ಎರಡು ವರ್ಷವಾಗಿತ್ತು. ಅವರು ತೀರ್ಥಹಳ್ಳಿಯ ಕಡೆ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿ ನಿವೃತ್ತರಾದವರು. ಬೆಳಗಿನ ಪತ್ರಿಕೆಯನ್ನು ಮೊದಲ ಪುಟದ ತಲೆಬರಹದಿಂದ ಹಿಡಿದು ಒಳಪುಟದ ಟೆಂಡರು ಪ್ರಕಟಣೆಯವರೆಗೆ ಓದದೆ ಸ್ನಾನಕ್ಕೆ ಏಳುತ್ತಿರಲಿಲ್ಲ. ಆ ಓದು ಯಾವಾಗ ನಿಂತಿತೋ ನಮಗೆ ತಿಳಿಯಲಿಲ್ಲ. ನಾನು ಶಿವಮೊಗ್ಗದಿಂದ ಊರಿಗೆ ಹೋದಾಗಲೆಲ್ಲ ಪತ್ರಿಕೆ ಅವರ ಮಡಿಲಲ್ಲಿ ಬಿಚ್ಚಿಕೊಂಡೇ ಇರುತ್ತಿತ್ತು, ಪುಟಗಳೂ ತಿರುಗುತ್ತಿದ್ದವು. “ಈಗಿನ ಪೇಪರಿನಲ್ಲಿ ಓದೋಕೆ ಎಂಥ ಇದೆ?” ಎಂದು ಅವರು ಹೇಳಿದರೆ ನಾನು ಒಪ್ಪಿ ತಲೆಯಾಡಿಸುತ್ತಿದ್ದೆ. ಒಂದು ದಿನ ಮಗಳು, “ಅಜ್ಜ ಪೇಪರ್ ತಲೆಕೆಳಗೆ ಹಿಡ್ಕೊಂಡಿದಾರೆ” ಎಂದು ನಕ್ಕಾಗ ನಮಗೆ ಗೊತ್ತಾಯಿತು. ವೈದ್ಯರು ನೋಡಿ ಶಸ್ತ್ರಚಿಕಿತ್ಸೆ ಆಗಬೇಕೆಂದರು. ಅಲ್ಲಿಂದ ನನ್ನ ಮುಂದೂಡಿಕೆ ಆರಂಭವಾಯಿತು. ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆಯ ಹಿಂದೆ ಮೌಲ್ಯಮಾಪನ ಬಂತು, ಮೌಲ್ಯಮಾಪನದ ಹಿಂದೆ ಹೊಸ ಮಕ್ಕಳ ಪ್ರವೇಶ. ಬೇಸಗೆಯಲ್ಲಿ ಹೋಗಬಹುದಾಗಿದ್ದ ಕೆಲಸಕ್ಕೆ ನಾನು ಕೊನೆಗೂ ಆರಿಸಿಕೊಂಡ ಮುಹೂರ್ತ ಪುನರ್ವಸು ಮಳೆಯದು. ಕರಾವಳಿಯ ಕಡೆಯ ಆಸ್ಪತ್ರೆ. ಒಂಬತ್ತು ಗಂಟೆಗೆ ಅಲ್ಲಿರಬೇಕು.

ಬೆಳಗಿನ ಐದಕ್ಕೆ ತೀರ್ಥಹಳ್ಳಿ ಬಿಟ್ಟೆವು. ಮುಂದೆ ನಾನು ಮತ್ತು ಅಪ್ಪಯ್ಯ, ಹಿಂದೆ ಮಡದಿ ಮತ್ತು ಹತ್ತು ವರ್ಷದ ಮಗಳು. ನಾವು ನಾಲ್ವರೇ ಅಲ್ಲದೆ ನಮ್ಮ ಜೊತೆಯಲ್ಲಿ ಮಳೆಯೂ ಕಾರನ್ನು ಹತ್ತಿತ್ತು. ಅಪ್ಪಯ್ಯನ ಕಾಲ ಬಳಿ ನೀರು ಸೋರುವ ಕೊಡೆ, ಹಿಂದಿನ ಸೀಟಿನಲ್ಲಿ ಎರಡು ಒದ್ದೆ ಸ್ವೆಟರು, ಎಲ್ಲರ ಕಾಲಲ್ಲಿ ನೆಂದ ಚಪ್ಪಲಿ. ಸಾಲದುದಕ್ಕೆ ಉಡುಪಿಯ ನೆಂಟರಿಗೆ ಪತ್ರೊಡೆಗೆಂದು ಆಗತಾನೆ ಕೊಯ್ದು ನೀರು ಹನಿಯುತ್ತಿದ್ದ ಒಂದು ಚೀಲ ಕೆಸುವಿನ ಎಲೆ. ಚಳಿ ಎಂದು ಗಾಜುಗಳನ್ನೆಲ್ಲ ಭದ್ರವಾಗಿ ಏರಿಸಿದ್ದೆವು. ಏಸಿ ಹಾಕಿರಲಿಲ್ಲ. ಹೊರಗೆ ಅಷ್ಟು ತಂಪಿರುವಾಗ ಏಸಿ ಹಾಕುವುದು ನಮ್ಮಂತಹ ಸಂಬಳದವರ ಬುದ್ಧಿಗೆ ಒಗ್ಗುವ ಮಾತಲ್ಲ. ಆ ಸುರುಳಿ ಬಾಣದ ಗುಂಡಿ ಮಾತ್ರ ಕಾರು ಕೊಂಡ ದಿನದಿಂದ ಉರಿಯುತ್ತಲೇ ಇತ್ತು. ಧೂಳು ಬರಬಾರದೆಂದು ಅಂಗಡಿಯ ಹುಡುಗ ಅಂದು ಒತ್ತಿಟ್ಟದ್ದು.

ಮೇಗರವಳ್ಳಿ ದಾಟಿದ ಮೇಲೆ ಮುಂದಿನ ಗಾಜಿನ ಅಂಚುಗಳು ಬೆಳ್ಳಗಾದವು. ಕೈಯಿಂದ ಒರೆಸಿದೆ, ಹೋಯಿತು, ಮತ್ತೆ ಬಂತು. ಗುಡ್ಡೇಕೇರಿಯ ಹೊತ್ತಿಗೆ ಕರವಸ್ತ್ರ ತೆಗೆದುಕೊಂಡೆ. ಆಗುಂಬೆಯಲ್ಲಿ ಮಂಜು, ಮಳೆ, ಮಬ್ಬುಗತ್ತಲೆ ಮೂರೂ ಕೂಡಿದ್ದವು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವ ಊರಿನಲ್ಲಿ ಇದೇನೂ ಆಶ್ಚರ್ಯವಲ್ಲ. ಹೊರಗಿನ ಮಂಜೇ ಗಾಜಿಗೆ ಮೆತ್ತಿಕೊಳ್ಳುತ್ತಿದೆ ಎಂದು ತಿಳಿದು ವೈಪರನ್ನು ಜೋರು ಮಾಡಿದೆ. ವೈಪರು ಬಡಪಾಯಿ, ಎಡಕ್ಕೂ ಬಲಕ್ಕೂ ತಲೆಬಡಿದುಕೊಂಡಿತು. “ಬಿಸಿಗಾಳಿ ಬಿಡಿ” ಎಂದಳು ಮಡದಿ. ಬಿಟ್ಟೆ. ಕಾರು ಹಬೆಯಾಡುವ ಇಡ್ಲಿ ಪಾತ್ರೆಯಂತಾಯಿತು. ಅದೇ ಹೊತ್ತಿಗೆ ಮಗಳು ಹಿಂದೆ ಫ್ಲಾಸ್ಕಿನ ಮುಚ್ಚಳ ತೆಗೆದು ಕಾಫಿ ಬಗ್ಗಿಸಿಕೊಂಡಳು.

ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅದು ಎಷ್ಟನೆಯದೋ ನೆನಪಿಲ್ಲ. ಕಿರುತಿರುವು, ಎದುರಿಗೆ ಮೇಲೇರಿ ಬರುತ್ತಿದ್ದ ಜೀಪಿನ ದೀಪ ನಮ್ಮ ಗಾಜಿನ ಮೇಲೆ ಬಿತ್ತು. ಬಿದ್ದದ್ದೇ ತಡ, ಗಾಜಿಗೆ ಗಾಜೇ ಬೆಳ್ಳಗೆ ಹೊತ್ತಿಕೊಂಡಿತು. ರಸ್ತೆ ಇಲ್ಲ, ಜೀಪು ಇಲ್ಲ, ತಡೆಗೋಡೆ ಇಲ್ಲ. ಕಣ್ಣ ಮುಂದೆ ಹಾಲು ಚೆಲ್ಲಿದಂತಹ ಬೆಳಕು, ಅದರ ಸುತ್ತ ಬಣ್ಣದ ಬಳೆಗಳು. ಬ್ರೇಕು ಒತ್ತಿದೆ. ಕಾರು ತುಸು ಜಾರಿ ನಿಂತಿತು. ಜೀಪು ಹಾರನ್ ಹೊಡೆಯುತ್ತ ಪಕ್ಕದಲ್ಲಿ ಹಾದುಹೋದ ಮೇಲೆ ನನ್ನ ಕಡೆಯ ಗಾಜಿಳಿಸಿ ನೋಡಿದರೆ, ಮುಂದಿನ ಚಕ್ರಕ್ಕೂ ರಸ್ತೆಯಂಚಿನ ಕಲ್ಲುಕಟ್ಟೆಗೂ ನಡುವೆ ಒಂದು ಗೇಣು. ಕಟ್ಟೆಯ ಆಚೆ ಮರಗಳ ತುದಿಗಳು ಕಾಣುತ್ತಿದ್ದವು, ಬುಡ ಕಾಣುತ್ತಿರಲಿಲ್ಲ.

ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪಯ್ಯ ಕೇಳಿದರು: “ದೀಪ ಹೂವಿನ ಹಾಗೆ ಅರಳಿ ಎಲ್ಲಾ ಬಿಳಿ ಆಯ್ತಲ್ಲ, ನಿನಗೂ ಹಾಗೇ ಕಂಡಿತಾ?”

“ಹೌದು.”

“ಹಾಗಾದರೆ ಸರಿ. ನನಗೆ ಎರಡು ವರ್ಷದಿಂದ ಹೀಗೇ ಕಾಣೋದು. ನನ್ನ ಕಣ್ಣೇ ಅಂದುಕೊಂಡೆ.”

ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ನಾನು ಸ್ಟೀರಿಂಗ್ ಹಿಡಿದು ಸುಮ್ಮನೆ ಕುಳಿತಿದ್ದೆ. ಆಗ ಅವರೇ, “ಗಾಜು ಇಳಿಸಿದ್ದೀಯಲ್ಲ, ಏರಿಸಬೇಡ. ನನ್ನ ಕಡೆದೂ ಎರಡು ಬೆರಳು ಇಳಿಸು” ಎಂದರು.

“ಮಳೆ ಒಳಗೆ ಬರ್ತದೆ, ಅಪ್ಪಯ್ಯ. ಹೊರಗೆ ಇನ್ನೂ ತಂಡಿ.”

“ಬರಲಿ ಮಾರಾಯ. ಹೊರಗಿನ ಗಾಳಿಗಿಂತ ನಮ್ಮ ಗಾಳಿಯೇ ಹೆಚ್ಚು ಒದ್ದೆ.”

ಹೊರಗೆ ಆಕಾಶವೇ ಹರಿದು ಬೀಳುತ್ತಿದೆ. ಆ ಗಾಳಿ ಒಣಗಿದ್ದು, ನಾವು ಬೆಚ್ಚಗೆ ಕುಳಿತ ಗಾಳಿ ಒದ್ದೆಯದು ಎಂದರೆ ಯಾರು ನಂಬುತ್ತಾರೆ? ಆದರೂ ಇಳಿಸಿದೆ. ತಣ್ಣನೆಯ ಗಾಳಿ ಬೀಸಿತು. ಹನಿಗಳು ಮುಖಕ್ಕೆ ಸಿಡಿದವು. ಎರಡು ಮೂರು ನಿಮಿಷಗಳಲ್ಲಿ ಗಾಜಿನ ಬಿಳುಪು ಕೆಳಗಿನಿಂದ ಕರಗುತ್ತ ಮೇಲಕ್ಕೆ ಸರಿಯಿತು. ರಸ್ತೆ ಕಂಡಿತು. ಉಳಿದ ತಿರುವುಗಳನ್ನು ಗಂಜಿ ಕುಡಿದವನ ನಡಿಗೆಯಲ್ಲಿ ಇಳಿದು ಸೋಮೇಶ್ವರದ ಹೋಟೆಲೊಂದರ ಮುಂದೆ ನಿಲ್ಲಿಸಿದೆ.

ಅಲ್ಲಿ ಮಗಳು ಆ ಮಳೆಯಲ್ಲಿಯೂ ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ಪಾನೀಯವೇ ಬೇಕೆಂದು ಹಟ ಹಿಡಿದಳು. ಗಾಬರಿಯಲ್ಲಿದ್ದ ನಾವು ಬೇಡವೆನ್ನಲಿಲ್ಲ. ಸೀಸೆ ಮೇಜಿನ ಮೇಲೆ ಕುಳಿತ ಒಂದು ನಿಮಿಷಕ್ಕೆ ಬೆವರತೊಡಗಿತು. ಅಪ್ಪಯ್ಯ ಅದರ ಮೈಮೇಲೆ ಬೆರಳಾಡಿಸಿ, “ಒಳಗಿನ ನೀರು ಹೊರಗೆ ಬಂತೇನೇ ಮಗು?” ಎಂದರು. ಮೂವತ್ತು ವರ್ಷ ತರಗತಿಯಲ್ಲಿ ಕೇಳಿದ್ದ ಪ್ರಶ್ನೆ. ಹೋಟೆಲಿನ ಬೆಂಚು ಕ್ಷಣದಲ್ಲಿ ಎಂಟನೆಯ ತರಗತಿಯ ‘ಬಿ’ ವಿಭಾಗವಾಯಿತು.

ಅವರು ಹೇಳಿದ್ದರ ಸಾರ ಇಷ್ಟು. ಗಾಳಿಗೆ ನೀರನ್ನು ಆವಿಯಾಗಿ ಹೊತ್ತುಕೊಳ್ಳುವ ಶಕ್ತಿ ಉಂಟು. ಅದು ಶಾಖದ ಜೊತೆ ಏರುತ್ತದೆ, ಇಳಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರು ಗಾಳಿಯ ಬುಟ್ಟಿಯಲ್ಲಿ ಹಿಡಿಯುವುದು ಸುಮಾರು 30 ಗ್ರಾಂ ನೀರಾವಿ. 20 ಡಿಗ್ರಿಗೆ ಇಳಿದರೆ ಬುಟ್ಟಿ ಕುಗ್ಗಿ 17 ಗ್ರಾಂ. 10 ಡಿಗ್ರಿಗೆ 9 ಗ್ರಾಮಿಗಿಂತ ತುಸು ಹೆಚ್ಚು. ಆವಿ ತುಂಬಿದ ಬೆಚ್ಚನೆಯ ಗಾಳಿ ತಣ್ಣನೆಯ ವಸ್ತುವೊಂದನ್ನು ಮುಟ್ಟಿದಾಗ, ಮುಟ್ಟಿದ ಭಾಗ ತಣ್ಣಗಾಗಿ, ಹಿಡಿಯಲಾರದೆ ಉಳಿದ ನೀರನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಯಾವ ಶಾಖಕ್ಕೆ ಇಳಿಸಲು ಶುರುಮಾಡುತ್ತದೆಯೋ ಅದು ತುಷಾರಬಿಂದು. ಸೀಸೆಯ ಬೆವರು, ಹುಲ್ಲಿನ ಮೇಲಿನ ಇಬ್ಬನಿ, ನಮ್ಮ ಗಾಜಿನ ಮಂಜು ಮೂರೂ ಒಂದೇ ಸಂತಾನ. ನಾವು ಕನ್ನಡಿಗರು ಇಬ್ಬನಿ ‘ಬೀಳುತ್ತದೆ’ ಎನ್ನುತ್ತೇವೆ. ಹಳಗನ್ನಡದ ‘ಪನಿ’ ನಮ್ಮಲ್ಲಿ ಹನಿಯಾಯಿತು, ತಮಿಳಿನಲ್ಲಿ ಮಂಜಾಗಿಯೇ ಉಳಿಯಿತು ಎಂದು ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ಅದು ಬೀಳುವುದೇ ಇಲ್ಲ, ಇದ್ದಲ್ಲಿಯೇ ಮೂಡುತ್ತದೆ ಎಂಬುದನ್ನು ಮಾತ್ರ ಎಂದೂ ಹೇಳಿರಲಿಲ್ಲ. (ಆಮೇಲೆ ಓದಿ ತಿಳಿದುಕೊಂಡೆ: ಲಂಡನ್ನಿನಲ್ಲಿದ್ದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು ರಾತ್ರಿಯೆಲ್ಲ ತೋಟದಲ್ಲಿ ಉಣ್ಣೆಯ ಚೂರುಗಳನ್ನು ಹರವಿ, ತೂಗಿ, ಇಬ್ಬನಿಯ ಮೇಲೆ 1814ರಲ್ಲಿ ಒಂದು ಪುಸ್ತಕವನ್ನೇ ಬರೆದನು. ವಸ್ತುಗಳು ರಾತ್ರಿ ಶಾಖವನ್ನು ಬಿಟ್ಟುಕೊಟ್ಟು ಮೊದಲು ತಾವು ತಣ್ಣಗಾಗುತ್ತವೆ, ಇಬ್ಬನಿ ಆಮೇಲೆ ಬರುತ್ತದೆ ಎಂದು ತೋರಿಸಿಕೊಟ್ಟವನು ಆತ.)

ಹಾಗಾದರೆ ನಮ್ಮ ಕಾರಿನಲ್ಲಿ ಅಷ್ಟು ನೀರು ಎಲ್ಲಿಂದ ಬಂತು? ಅಪ್ಪಯ್ಯ ಅದಕ್ಕೂ ಲೆಕ್ಕ ಹಾಕಿದರು. ಸುಮ್ಮನೆ ಕುಳಿತ ಮನುಷ್ಯ ಉಸಿರಿನಿಂದಲೂ ಚರ್ಮದಿಂದಲೂ ಗಂಟೆಗೆ ಸುಮಾರು 40–50 ಗ್ರಾಂ ನೀರು ಬಿಡುತ್ತಾನೆ. ನಾಲ್ವರಿಗೆ 160ಕ್ಕೆ ಕಡಮೆಯಿಲ್ಲ. ಕಾರಿನ ಒಳಗಿನ ಗಾಳಿ ಮೂರು ಘನ ಮೀಟರು ಎಂದುಕೊಂಡರೂ, 20 ಡಿಗ್ರಿಯ ಗಾಜಿನ ಪಕ್ಕದಲ್ಲಿ ಅದು ಹೊರಬಲ್ಲದ್ದು 50 ಗ್ರಾಂ ಚಿಲ್ಲರೆ. ಮಿಕ್ಕದ್ದು ಎಲ್ಲಿಗೆ ಹೋಗಬೇಕು? ಕೊಡೆ, ಸ್ವೆಟರು, ಕೆಸುವಿನ ಎಲೆ, ಕಾಫಿಯ ಹಬೆ ಇವೆಲ್ಲ ಮೇಲುಖರ್ಚು. ಬಿಸಿಗಾಳಿ ಬಿಟ್ಟದ್ದು ತಪ್ಪಲ್ಲ, ಕಿಟಕಿ ಮುಚ್ಚಿಕೊಂಡು ಬಿಟ್ಟದ್ದು ತಪ್ಪು. ಅದು ಚಪ್ಪಲಿಯ ನೀರನ್ನೂ ಎಬ್ಬಿಸಿ ಗಾಜಿಗೆ ಅಂಟಿಸಿತು. ಹೊರಗಿನ ಗಾಳಿ ತೇವದಿಂದ ತುಂಬಿತ್ತು, ನಿಜ. ಆದರೆ ಅದು ತಣ್ಣನೆಯ ಗಾಳಿ, ಚಿಕ್ಕ ಬುಟ್ಟಿ. ಒಳಗೆ ಬಂದು ಬೆಚ್ಚಗಾದೊಡನೆ ಬುಟ್ಟಿ ದೊಡ್ಡದಾಗಿ, ಇನ್ನಷ್ಟು ನೀರನ್ನು ಎತ್ತಿಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಕಿಟಕಿ ತೆರೆದು ಒಣಗಿಸುವ ಈ ವಿದ್ಯೆ ನನಗೆ ಇಂದಿಗೂ ವಿಚಿತ್ರವಾಗಿಯೇ ತೋರುತ್ತದೆ.

ಇಷ್ಟರಲ್ಲಿ ಮಗಳು ಕಾರಿನ ಖಾನೆಯಿಂದ ಆ ಇಂಗ್ಲಿಷ್ ಗ್ರಂಥವನ್ನು ತಂದಿದ್ದಳು. ಮೊಮ್ಮಗಳು ಓದುವುದು, ಅಜ್ಜ ಅರ್ಥ ಹೇಳುವುದು, ಪ್ರಾಧ್ಯಾಪಕನಾದವನು ಬಾಯಿಬಿಟ್ಟುಕೊಂಡು ಕೇಳುವುದು. ಹೀಗೆ ಅರ್ಧ ಗಂಟೆಯಲ್ಲಿ ಶಾಸನಗಳೆಲ್ಲ ಬಿಡಿಸಿದವು. ಮೂರು ಹಾವುಗಳೆಂದರೆ ಗಾಳಿಯನ್ನು ಮುಂದಿನ ಗಾಜಿಗೇ ಊದುವ ಗುಂಡಿ. ಸುರುಳಿ ಬಾಣವೆಂದರೆ ಒಳಗಿನ ಗಾಳಿಯನ್ನೇ ತಿರುಗಿಸಿ ಮುರುಗಿಸಿ ಉಸಿರಾಡಿಸುವುದು. ಮಂಜು ಬಂದಾಗ ಮೊದಲು ಆರಿಸಬೇಕಾದದ್ದು ಅದನ್ನು. ಇನ್ನು ಏಸಿ: ಅದು ತಂಪಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ಅದರೊಳಗೆ ತಣ್ಣನೆಯ ಸುರುಳಿ ಕೊಳವೆ ಇದೆ. ಗಾಳಿ ಅದನ್ನು ಸವರಿ ಹೋಗುವಾಗ ತನ್ನ ನೀರನ್ನೆಲ್ಲ ಅಲ್ಲಿ ಸುರಿದು ಒಣಗಿ ಬರುತ್ತದೆ. ಬೇಸಗೆಯಲ್ಲಿ ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಅದೇ. ಅದನ್ನು ಸೋರಿಕೆಯೆಂದು ನಾನು ಒಮ್ಮೆ ಮೆಕ್ಯಾನಿಕ್ಕನ ಬಳಿ ಹೋಗಿ ನಗೆಪಾಟಲಾಗಿದ್ದೆ. ಏಸಿಯನ್ನೂ ಬಿಸಿಗಾಳಿಯನ್ನೂ ಒಟ್ಟಿಗೆ ಹಾಕಬಹುದು, ಹಾಕಬೇಕು: ಮೊದಲನೆಯದು ಗಾಳಿಯನ್ನು ಹಿಂಡುತ್ತದೆ, ಎರಡನೆಯದು ಗಾಜನ್ನು ಬೆಚ್ಚಗೆ ಮಾಡುತ್ತದೆ. ಬಿಸಿ ಬರುವುದು ಇಂಜಿನ್ನಿನ ಶಾಖದಿಂದಲೇ ಆದ್ದರಿಂದ ಅದಕ್ಕೆ ಬೇರೆ ಪೆಟ್ರೋಲಿನ ದಂಡವಿಲ್ಲ ಎಂಬ ಮಾತು ಕೇಳಿ ನನಗೂ ಮಡದಿಗೂ ಏಕಕಾಲದಲ್ಲಿ ಸಮಾಧಾನವಾಯಿತು.

ಹೊಸದಾಗಿ ಕಲಿತವನ ಉತ್ಸಾಹ ಕೆಟ್ಟದ್ದು. ಸೋಮೇಶ್ವರ ಬಿಟ್ಟೊಡನೆ ಬಿಸಿಗಾಳಿಯ ಮಾತು ಮರೆತು, ಏಸಿಯನ್ನು ಅತ್ಯಂತ ತಂಪಿಗೆ ತಿರುಗಿಸಿ ಮೂರು ಹಾವುಗಳನ್ನೂ ಗಾಜಿನ ಮೇಲೆ ಛೂ ಬಿಟ್ಟೆ. ಹೆಬ್ರಿ ದಾಟಿದೆವು. ಕೆಳಗಿನ ಸೆಕೆ, ಕರಾವಳಿಯ ಜಿಗುಟು ಗಾಳಿ. ಮಳೆ ನಿಂತು ವೈಪರು ಆರಿಸಿ ಹತ್ತು ನಿಮಿಷವಾಗಿರಲಿಲ್ಲ, ಗಾಜು ಮತ್ತೆ ಬೆಳ್ಳಗಾಯಿತು. ನನಗೆ ಅಳು ಬರುವುದೊಂದು ಬಾಕಿ. ಕರವಸ್ತ್ರದಿಂದ ತಿಕ್ಕಿದೆ, ಒಂದಿಷ್ಟೂ ಕದಲಲಿಲ್ಲ. “ಯಾವ ಕಡೆ ಅಂತ ಮೊದಲು ಮುಟ್ಟಿ ನೋಡೋ” ಎಂದರು ಅಪ್ಪಯ್ಯ. ಮುಟ್ಟಿದರೆ ಒಳಗೆ ಒಣ ಗಾಜು, ಮಂಜುಗಡ್ಡೆಯಂತೆ ತಣ್ಣಗೆ! ಈ ಸಾರಿ ಸೀಸೆಯಾದದ್ದು ನಮ್ಮ ಕಾರು, ಬೆವರು ಹೊರಗಡೆ. ವೈಪರನ್ನು ಒಂದು ಸಾರಿ ಆಡಿಸಿದೆ, ಗಾಜು ಕನ್ನಡಿಯಾಯಿತು. ಏಸಿಯನ್ನು ಹದಕ್ಕೆ ತಂದು ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿದ ಮೇಲೆ ಅದು ಮತ್ತೆ ಬರಲಿಲ್ಲ. ಹೀಗೆ ಒಂದೇ ಬೆಳಗಿನಲ್ಲಿ ನಾನು ಮಂಜು ಒಳಗಿದ್ದಾಗ ಹೊರಗೆ ಒರೆಸಿ, ಹೊರಗಿದ್ದಾಗ ಒಳಗೆ ಒರೆಸಿ ಮುಗಿಸಿದೆ.

ಆಸ್ಪತ್ರೆಯಲ್ಲಿ ಎಲ್ಲವೂ ಸುಸೂತ್ರವಾಗಿ ಆಯಿತು. ಅಂದು ಬಲಗಣ್ಣಿಗೆ ಮಾತ್ರ. ಅಲ್ಲಿಯ ತರುಣ ವೈದ್ಯರು ಮಾತುಗಾರರು. ಕಣ್ಣಿನ ಮಸೂರದೊಳಗಿನ ಪ್ರೋಟೀನು ವಯಸ್ಸಾದಂತೆ ಗಂಟುಗಂಟಾಗಿ ಬೆಳಕನ್ನು ಚೆದರಿಸುತ್ತದೆ, ಅದಕ್ಕೇ ದೀಪ ಅರಳಿದಂತೆ ಕಾಣುವುದು ಎಂದರು. ಗಾಜಿನ ಮೇಲಿನ ಕಿರುಹನಿಗಳು ಮಾಡುವುದೂ ಅದನ್ನೇ. ನಾನು ಘಾಟಿಯ ಕಥೆ ಹೇಳಿದಾಗ ಅವರು ಇನ್ನೊಂದು ಕಥೆ ಹೇಳಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳು ಪೆಟ್ಟು ತಿಂದಾಗ ಚಾಲಕನ ಮುಂದಿನ ಮತ್ತು ಮೇಲಿನ ಪಾರದರ್ಶಕ ಹೊದಿಕೆ ಸಿಡಿದು, ಅದರ ಚೂರುಗಳು ಚಾಲಕರ ಕಣ್ಣು ಹೊಕ್ಕವು. ಹೊದಿಕೆ ಗಾಜಿನದಲ್ಲ, ಪರ್‌ಸ್ಪೆಕ್ಸ್ ಎಂಬ ಅಕ್ರಿಲಿಕ್ ಪ್ಲಾಸ್ಟಿಕ್ಕಿನದು. ಅದು ಕಣ್ಣಿನೊಳಗೆ ಉಳಿದರೂ ಕಣ್ಣು ಕೆರಳಲಿಲ್ಲ ಎಂಬುದನ್ನು ಗಮನಿಸಿದವರು ಹೆರಾಲ್ಡ್ ರಿಡ್ಲೆ ಎಂಬ ನೇತ್ರವೈದ್ಯರು. ಹಾಗಾದರೆ ಅದೇ ವಸ್ತುವಿನಿಂದ ಮಸೂರ ಮಾಡಿ ಇಟ್ಟರೇನು ಎಂದು ಯೋಚಿಸಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1949ರಲ್ಲಿ ಮೊದಲ ಬಾರಿಗೆ ಇಟ್ಟು ನೋಡಿದರು. ಜೊತೆಯ ವೈದ್ಯರು ಎಷ್ಟೋ ವರ್ಷ ಅವರನ್ನು ಹೀಗಳೆದರಂತೆ. “ಅಂದರೆ ನನ್ನ ಕಣ್ಣಿಗೆ ಈಗ ವಿಮಾನದ ಗಾಜು ಹಾಕಿದ್ದೀರಿ ಅನ್ನಿ” ಎಂದರು ಅಪ್ಪಯ್ಯ. ಈಗಿನ ಮಸೂರ ಮಡಚಿ ಇಡುವಷ್ಟು ಮೃದುವಾದದ್ದು, ಆದರೆ ವಂಶ ಅದೇ ಎಂದರು ವೈದ್ಯರು.

ಊರಿಗೆ ಬಂದ ಮೇಲೆ ನಾನು ಗಾಜಿನ ಸೇವೆಗೆ ನಿಂತೆ. ಬಲ್ಲವರು ಹೇಳಿದ ಉಪಾಯಗಳು ನೂರೆಂಟು. ನನ್ನ ಅನುಭವಕ್ಕೆ ನಿಂತದ್ದು ಸ್ವಲ್ಪವೇ. ಒದ್ದೆ ಕೊಡೆಯನ್ನು ಡಿಕ್ಕಿಗೆ ಹಾಕುವುದು, ಕಾಲೊರಸನ್ನು ಒಣಗಿಸುವುದು. ಗಾಜಿನ ಒಳಮೈ ತೊಳೆದಿಟ್ಟರೆ ಮಂಜು ಬೇಗ ಹಿಡಿಯುವುದಿಲ್ಲ. ಜಿಡ್ಡು, ಧೂಳು ಇದ್ದ ಕಡೆಯೇ ಹನಿಗಳು ಮೊದಲು ಕಾಲೂರುವುದು. ಸಾಬೂನಿನ ತೆಳು ನೀರು ಸವರಿ ಒಣ ಬಟ್ಟೆಯಿಂದ ಉಜ್ಜಿದರೆ ನೀರು ಹನಿಯಾಗಿ ನಿಲ್ಲದೆ ಪೊರೆಯಾಗಿ ಹರಡಿಕೊಳ್ಳುತ್ತದೆ, ಆಚೆ ಕಾಣುತ್ತದೆ. ಕೆಲವು ದಿನವಷ್ಟೇ ಇದರ ಆಯುಷ್ಯ. ಹಿಂದಿನ ಗಾಜಿನ ಮೇಲೆ ಅಡ್ಡಡ್ಡ ಎಳೆದ ಕಂದು ಗೆರೆಗಳು ಅಲಂಕಾರವಲ್ಲ, ವಿದ್ಯುತ್ತಿನಿಂದ ಗಾಜನ್ನು ಬೆಚ್ಚಗೆ ಮಾಡುವ ತಂತಿಗಳು ಎಂಬುದೂ ಆಗಲೇ ತಿಳಿಯಿತು. ಮಾಡಬಾರದ್ದು ಒಂದೇ: ಕೈಯಿಂದ ಒರೆಸುವುದು. ಕೈಯ ಎಣ್ಣೆ, ಉಪ್ಪು ಗಾಜಿಗೆ ಅಂಟಿ, ಒಣಗಿದಾಗ ಕಾಣದೆ, ಮುಂದಿನ ಮಂಜಿಗೆ ಐದು ಬೆರಳೂ ಮೂಡಿ ನಿಲ್ಲುತ್ತವೆ.

ಶ್ರಾವಣದ ಕೊನೆಯಲ್ಲಿ ಕಣ್ಣು ತೋರಿಸಲು ಮತ್ತೆ ಕರಾವಳಿಗೆ ಇಳಿದೆವು. ಅಂದು ಅಪ್ಪಯ್ಯನಿಗೆ ಓದುವ ಕನ್ನಡಕ ಬರೆದುಕೊಟ್ಟರು. ಉಡುಪಿಯಲ್ಲಿಯೇ ಮಾಡಿಸಿಕೊಂಡು ಸಂಜೆ ಹೊರಟೆವು. ಸೋಮೇಶ್ವರದ ಹತ್ತಿರ ಮಘಾ ಮಳೆ ಹಿಡಿಯಿತು. ಗುಂಡಿ ಒತ್ತುವ ಮೊದಲೇ ಗಾಜಿನ ಮೇಲೆ ತೆಳ್ಳಗೆ ಬಿಳುಪು ಹರಡಿ, ಅದರ ನಡುವೆ ಆಷಾಢದ ನನ್ನ ಹಸ್ತ ಸ್ಪಷ್ಟವಾಗಿ ಮೂಡಿತು. ಸಾಬೂನು ಹಾಕುವಾಗ ಆ ಮೂಲೆಯನ್ನು ಬಿಟ್ಟಿದ್ದೆನೆಂದು ಕಾಣುತ್ತದೆ.

“ಇದು ಯಾರ ಕೈ?” ಎಂದರು ಅಪ್ಪಯ್ಯ.

ನಾನು ಹೋಟೆಲಿನ ಮುಂದೆ ಕಾರು ನಿಲ್ಲಿಸಿದೆ. ಘಾಟಿ ಹತ್ತುವ ಮೊದಲು ಉಜ್ಜಿ ಹೋಗೋಣ. ಹಳೆಯ ಪತ್ರಿಕೆಯ ಕಾಗದಕ್ಕಿಂತ ಗಾಜಿಗೆ ಒಳ್ಳೆಯ ಬಟ್ಟೆ ಇಲ್ಲ. ಕಾರಿನಲ್ಲಿದ್ದದ್ದು ಆ ಭಾನುವಾರದ ಪುರವಣಿ ಒಂದೇ, ಅದು ಅವರ ಕೈಯಲ್ಲಿತ್ತು. ಹೊಸ ಕನ್ನಡಕ ಮೂಗಿನ ತುದಿಗೆ ಇಳಿದಿತ್ತು.

“ಅಪ್ಪಯ್ಯ, ಒಂದು ಹಾಳೆ ಕೊಡಿ, ಗಾಜು ಒರೆಸ್ತೀನಿ.”

“ಇರೋ, ಇದೊಂದು ಮುಗಿಸ್ತೀನಿ” ಎಂದರು.

ಅವರು ಮುಗಿಸಿದರು, ಪುಟ ತಿರುಗಿಸಿ ಇನ್ನೊಂದನ್ನು ಹಿಡಿದರು. ನಾನು ಇಂಜಿನ್ ಆರಿಸಿ, ಕಿಟಕಿಯನ್ನು ಎರಡು ಬೆರಳು ಇಳಿಸಿಕೊಂಡು ಕುಳಿತೆ.